ಶಾಲೆ ಕೈತೋಟಕ್ಕೆ ಅರ್ಕಾ ತರಕಾರಿ ಬೀಜ: ಯಾವುದು ತರಬೇಕು, ಯಾವುದು ಆಮೇಲೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ಬೆಂಗಳೂರಿನ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಕೈತೋಟದಲ್ಲಿ ಬೆಳೆಸಿದ್ದೇವೆ. ಪೋಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ಅಕ್ಕಪಕ್ಕದ ಬೀದಿಯವರು ಸೇರಿ ನೋಡಿಕೊಳ್ಳುವ ತೋಟ ಇದು. ಈ ಬೀಜ ಶಾಲೆಗೆ ಆಗುತ್ತಾ ಅಂತ ಕೇಳಿದರೆ ಖಂಡಿತ ಆಗುತ್ತದೆ. ಆದರೆ ಸಿಕ್ಕಿದ್ದೆಲ್ಲ ತರಬೇಡಿ.

ಮೊದಲು ತರಬೇಕಾದದ್ದು ಅರ್ಕಾ ಸುಗುಣ ದಂಟು. ಬಿತ್ತಿದ 25-30 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಕೊಯ್ದ ಹಾಗೆಲ್ಲ ಚಿಗುರುತ್ತದೆ, ಮೂರು ತಿಂಗಳಲ್ಲಿ ಐದಾರು ಸಲ ಸೊಪ್ಪು ಸಿಗುತ್ತದೆ. ಚಿಕ್ಕ ಮಕ್ಕಳು ಜಾಸ್ತಿ ದಿನ ಕಾಯುವುದಿಲ್ಲ, ಅಲ್ವಾ? ಜೂನ್‌ನಲ್ಲಿ ಬಿತ್ತಿದರೆ ದಸರಾ ರಜೆಯೊಳಗೆ ಬೀಜದಿಂದ ಕೊನೆ ಕೊಯ್ಲಿನವರೆಗೆ ಎಲ್ಲ ನೋಡಿರುತ್ತಾರೆ. ಬೇರು ಸಮೇತ ಕೀಳಬೇಡಿ, ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜಿ. ಇಂಥವರು ಪ್ರತಿ ಬೀದಿಯಲ್ಲೂ ಇರುತ್ತಾರೆ, ದಯವಿಟ್ಟು ಕರೆಯಿರಿ.

ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್ ಸಾಕು. ಪೊದೆಯ ಹಾಗೆ ಬೆಳೆಯುವ ತಳಿ, ಬಳ್ಳಿ ಹಬ್ಬಿಸುವ ಗೋಜಿಲ್ಲ, ಸುಮಾರು 70 ದಿನದ ಬೆಳೆ.

ಬೆಂಡೆಯಲ್ಲಿ ಅರ್ಕಾ ಅನಾಮಿಕ. ಹಳದಿ ನಂಜು ರೋಗ ತಡೆಯಲೆಂದು ಮಾಡಿದ ತಳಿ. ಆದರೆ ನನಗೆ ಇಷ್ಟವಾಗಿದ್ದು ಬೇರೆ ಕಾರಣಕ್ಕೆ, ಇದು ಹೈಬ್ರಿಡ್ (ಎರಡು ತಳಿ ಬೆರೆಸಿದ ಮೊದಲ ಪೀಳಿಗೆಯ ಬೀಜ) ಅಲ್ಲ. ನಾಲ್ಕಾರು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಮಕ್ಕಳೇ ಬೀಜ ಬಿಡಿಸಿ, ಕಾಗದದ ಕವರಿಗೆ ಹಾಕಿ, ಮೇಲೆ ತಾರೀಖು ಬರೆದು ಮುಂದಿನ ವರ್ಷದ ಕ್ಲಾಸಿಗೆ ಕೊಡಬಹುದು. ಯಾವ ಪಾಠದಲ್ಲೂ ಇದು ಸಿಗುವುದಿಲ್ಲ. ಅರ್ಕಾ ರಕ್ಷಕ್ ಟೊಮೆಟೊ ಹಾಗಲ್ಲ, ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಬಿತ್ತಿದರೆ ತಾಯಿ ಗಿಡದ ಗುಣ ಹಾಗೇ ಬರುವುದಿಲ್ಲ. ಎಲೆ ಮುದುಡು ನಂಜು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಒಳ್ಳೆಯ ತಳಿಯೇ, ಆದರೆ ಸಸಿ ಮಾಡಬೇಕು, ಗೂಟ ಕೊಡಬೇಕು, ಕೆಲಸ ಜಾಸ್ತಿ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಬೀಜ ಯಾವ ಅಂಗಡಿಯದಾದರೂ ಒಂದು ಎಚ್ಚರ. ಗುಲಾಬಿ, ನೀಲಿ ಬಣ್ಣ ಹಚ್ಚಿದ್ದರೆ ಅದಕ್ಕೆ ರೋಗ, ಕೀಟ ತಡೆಯುವ ವಿಷಕಾರಿ ಔಷಧಿ ಲೇಪಿಸಿರುತ್ತಾರೆ. ಮಕ್ಕಳ ಕೈಗೆ ಕೊಡಲೇಬೇಡಿ. ಕೊಳ್ಳುವಾಗಲೇ ಕೇಳಿ.

ನಮ್ಮದು ಸಿಮೆಂಟ್ ಅಂಗಳ, ಹಾಗಾಗಿ ಎಲ್ಲ ಗ್ರೋ ಬ್ಯಾಗ್‌ನಲ್ಲೇ. ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಅದೇ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಸೇರಿಸಿದೆವು. ಸಾರಜನಕ ಹಿಡಿದುಕೊಡುವ, ರಂಜಕ ಕರಗಿಸಿಕೊಡುವ ಒಳ್ಳೆಯ ಸೂಕ್ಷ್ಮಾಣುಗಳು ಅದರಲ್ಲಿವೆ. ಹತ್ತಿರದ ನರ್ಸರಿಯೊಂದು ಕೊಟ್ಟ ತೆಳು ಬ್ಯಾಗ್‌ಗಳು ಬಿಸಿಲಿಗೆ ಬೇಗ ಹರಿದವು. ದುಡ್ಡು ಸ್ವಲ್ಪ ಜಾಸ್ತಿಯಾದರೂ ದಪ್ಪನೆಯದೇ ತನ್ನಿ.

ನಮ್ಮಲ್ಲಿ ಬಿಸಿಯೂಟ ಹೊರಗಿನ ಅಡುಗೆಮನೆಯಿಂದ ವ್ಯಾನ್‌ನಲ್ಲಿ ಬರುತ್ತದೆ, ಹಾಗಾಗಿ ಬೆಳೆದ ಸೊಪ್ಪು ಶಾಲೆಯ ಸಾರಿಗೆ ಹೋಗುವುದಿಲ್ಲ. ನೀರು ಹಾಕುವ ಸರದಿಯಲ್ಲಿ ಇರುವ ಮನೆಗಳಿಗೇ ಹಂಚುತ್ತೇವೆ. ರಜೆಯಲ್ಲೂ ತೋಟ ಒಣಗದಿರುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಬೀಜವನ್ನು ಸಂಸ್ಥೆಯ ಪೋರ್ಟಲ್‌ನಲ್ಲೂ ತರಿಸಬಹುದು. ಶಾಲೆಗೆ ಬೇಕಾಗುವುದು ತುಂಬಾ ಕಡಿಮೆ, ಅದಕ್ಕೆ ಹತ್ತಿರದ ಎರಡು ಮೂರು ಶಾಲೆಯವರು ಸೇರಿ ಒಂದೇ ಪೊಟ್ಟಣ ತರಿಸಿ ಹಂಚಿಕೊಳ್ಳಿ.