ನಲ್ಲಿ ತೊಟ್ಟಿಕ್ಕುತ್ತಿದ್ದರೆ ಬುಡಕ್ಕೆ ರೆಂಚ್ ಹಾಕಲು ಬಿಡಬೇಡಿ

ಚಿತ್ರದುರ್ಗದ ಹಳೇ ಮನೆಗಳಲ್ಲಿ ಇರುವವರು ದಯವಿಟ್ಟು ಓದಿ. ನಲ್ಲಿಯೊಳಗೆ ನೀರು ತಡೆಯುವ ಸಣ್ಣ ರಬ್ಬರ್ ಬಿಲ್ಲೆ, ಅಂದರೆ ವಾಷರ್, ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಮ್ಮ ಬಾತ್‌ರೂಮಿನ ಗೋಡೆಯನ್ನೇ ಒಡೆಸಬೇಕಾಯಿತು.

ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಬಂದ ಪ್ಲಂಬರ್ ನಲ್ಲಿಯ ತಲೆ ಬಿಚ್ಚಿ ನೋಡಲೇ ಇಲ್ಲ. "ಇದು ಹೋಗಿದೆ ಅಮ್ಮಾ, ಹೊಸದೇ ಹಾಕ್ಬೇಕು" ಅಂದವನೇ ಬುಡಕ್ಕೆ ಪೈಪ್ ರೆಂಚ್ ಹಾಕಿದ. "ನಿಧಾನಪ್ಪಾ, ಹಳೇ ಪೈಪು" ಅಂತ ಅಮ್ಮ ಹೇಳುತ್ತಲೇ ಇದ್ದರು. ಗೋಡೆಯೊಳಗಿನದು ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಪೈಪು ತಿರುಗುವಲ್ಲಿ ಹಾಕುವ ಎಲ್ಬೋ ತುಕ್ಕು ಹಿಡಿದಿತ್ತು, ಒಳಗೇ ಮುರಿಯಿತು. ಟ್ಯಾಂಕಿನಿಂದ ಬರುವ ನೀರು ನಿಲ್ಲಿಸುವ ಗೇಟ್ ವಾಲ್ ಅವನು ಮುಚ್ಚಿರಲಿಲ್ಲ! ಶಾಂತಿಸಾಗರ ಕೆರೆಯಿಂದ ಊರಿಗೆ ನೀರು ಬಿಟ್ಟಾಗ ತುಂಬಿಸಿಟ್ಟ ಟ್ಯಾಂಕು ಅದು. ವಾಲ್ ಹುಡುಕಿ ಮುಚ್ಚುವಷ್ಟರಲ್ಲಿ ನೀರು ಹಾಲಿಗೆ ಬಂದಿತ್ತು. "ನಿಮ್ಮ ಪೈಪೇ ಸರಿಯಿಲ್ಲ" ಅಂತ ಹೇಳಿ, ಕೂಲಿ ಇಸಕೊಂಡು ಹೋದ. ವಯಸ್ಸಾದವರು ಒಬ್ಬರೇ ಇದ್ದಾಗ ಹೀಗೆ ಮಾಡಿದ್ದು ನನಗೆ ಇನ್ನೂ ಸಂಕಟ. ಬೇರೆಯವರನ್ನು ಕರೆಸಿ ಟೈಲ್ಸ್ ಒಡೆಸಿ ಪೈಪು ಹಾಕಿಸಿದೆವು. ಆ ಬಣ್ಣದ ಟೈಲ್ಸ್ ಈಗ ಸಿಗುವುದಿಲ್ಲ.

ಆಮೇಲೆ ಹಳೇ ನಲ್ಲಿಯನ್ನು ನಾನೇ ಬಿಚ್ಚಿದೆ. ಹಿಡಿಯ ಜೊತೆ ತಿರುಗುವ ಹಿತ್ತಾಳೆಯ ಕಡ್ಡಿ, ಅಂದರೆ ಸ್ಪಿಂಡಲ್, ಗಟ್ಟಿಯಾಗೇ ಇತ್ತು. ತುದಿಯ ರಬ್ಬರ್ ವಾಷರ್ ಮಾತ್ರ ಕಲ್ಲಿನಂತಾಗಿ, ಮಧ್ಯೆ ಉಂಗುರದ ಹಾಗೆ ಗೀರು ಬಿದ್ದಿತ್ತು. ಸುತ್ತ ಸುಣ್ಣದಂಥ ಬಿಳಿ ಪದರ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು ಅಲ್ವಾ, ಅದರಿಂದಲೇ ಇದು ಕಟ್ಟುವುದು.

ಹನಿ ಎಲ್ಲಿಂದ ಬರುತ್ತಿದೆ ನೋಡಿ. ನಲ್ಲಿಯ ಬಾಯಿಂದ ಬಿದ್ದರೆ ತೊಂದರೆ ವಾಷರ್‌ನದ್ದು, ಇಲ್ಲವೇ ಅದು ಕೂರುವ ಜಾಗ ಸವೆದಿರುತ್ತದೆ. ಹಿಡಿಯನ್ನು ಕಾಲು ಭಾಗ ತಿರುಗಿಸಿದರೇ ಪೂರ್ತಿ ತೆರೆಯುವ ಹೊಸ ನಮೂನೆಯದಾದರೆ ಒಳಗಿನ ಸೆರಾಮಿಕ್ ಡಿಸ್ಕ್ ಇರುವ ಸ್ಪಿಂಡಲ್ ಬದಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ದು ಅಳತೆ ನೋಡಿಯೇ ತನ್ನಿ. ಹಿಡಿಯ ಕೆಳಗೆ ಜಿನುಗಿದರೆ ಅಲ್ಲಿ ನೀರು ಸೋರದಂತೆ ಸ್ಪಿಂಡಲ್ ಸುತ್ತ ತುಂಬಿರುವ ಪ್ಯಾಕಿಂಗ್ ಸಡಿಲವಾಗಿರುತ್ತದೆ. ಗೋಡೆಗೆ ಕೂಡುವ ಜಾಗದಲ್ಲಿ ಸೋರಿದರೆ ಮಾತ್ರ ಬುಡ ಬಿಚ್ಚಿ ಮರೆಗೆ ಸೋರದಂತೆ ಬಿಳಿ ಟೆಫ್ಲಾನ್ ಟೇಪ್ ಸುತ್ತುವ ಕೆಲಸ. ಬಾಯಿಂದ ಹನಿ ಬಿದ್ದದ್ದಕ್ಕೆ ಸುಮ್ನೆ ಬುಡ ತಿರುಗಿಸುವವನನ್ನು ಅಲ್ಲೇ ನಿಲ್ಲಿಸಿ.

ಇನ್ನೊಂದು. ಗೇಟ್ ವಾಲ್ ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿಡಿ. ಒಮ್ಮೆ ತಿರುಗಿಸಿಯೂ ನೋಡಿ. ವರ್ಷಗಟ್ಟಲೆ ಮುಟ್ಟದಿದ್ದರೆ ಅದೂ ಬಿಗಿದಿರುತ್ತದೆ. ಹಾಗಿದ್ದರೆ ನಲ್ಲಿಗಿಂತ ಮೊದಲು ಅದನ್ನು ಸರಿಮಾಡಿಸಿ.