ನೇತ್ರಾಣಿಗೆ ಇಳಿಯುವ ಬಯಲುಸೀಮೆಯವರಿಗೆ ಯಾವ ಡೈವಿಂಗ್ ಗ್ಯಾಜೆಟ್ ಕೊಳ್ಳಲು ಯೋಗ್ಯ?

ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಹೊನ್ನಾವರದ ಮೇಲೆ ಮುರುಡೇಶ್ವರ ಮುಟ್ಟಿ, ಅಲ್ಲಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಸಮುದ್ರಕ್ಕೆ ಇಳಿಯುವವರಿಗೆ ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಅಷ್ಟು ತಿಂಗಳು ಸಾಮಾನು ಕಪಾಟಿನಲ್ಲೇ ಇರುತ್ತದೆ. ಹಾಗಾಗಿ ನೀರಿನೊಳಗೆ ಎಷ್ಟು ಖುಷಿ ಕೊಡುತ್ತದೆ ಎಂಬುದರ ಜೊತೆಗೆ ಮನೆಯಲ್ಲಿ ಎಷ್ಟು ಬೇಗ ಕೆಡುತ್ತದೆ ಎಂದೂ ನೋಡಿ ಕೊಳ್ಳಬೇಕು. ಇದು ಓಪನ್ ವಾಟರ್ ಸರ್ಟಿಫಿಕೇಟ್ (ಡೈವಿಂಗ್‌ನ ಮೊದಲ ಹಂತದ ತರಬೇತಿ ಮುಗಿಸಿದ ಪತ್ರ) ಇದ್ದವರಿಗೆ. ಮೊದಲ ಸಲ ಇನ್‌ಸ್ಟ್ರಕ್ಟರ್ ಜೊತೆ ಇಳಿಯುವವರು ಏನನ್ನೂ ಕೊಳ್ಳಬೇಡಿ, ಎರಡೂ ಕೈ ಖಾಲಿ ಇರಲಿ.

ಮೊದಲ ದುಡ್ಡು ಎಸ್‌ಎಂಬಿಗೆ (ಸರ್ಫೇಸ್ ಮಾರ್ಕರ್ ಬಾಯ್) ಹಾಕಿ. ನೀರಡಿಯಿಂದ ಗಾಳಿ ತುಂಬಿ ಮೇಲಕ್ಕೆ ಬಿಡುವ ಕಿತ್ತಳೆ ಬಣ್ಣದ ಉದ್ದನೆ ಚೀಲ ಅದು, ಜೊತೆಗೆ ದಾರದ ಸ್ಪೂಲ್. ನೀವು ಎಲ್ಲಿ ಏಳುತ್ತೀರಿ ಎಂದು ದೋಣಿಯವರಿಗೆ ತೋರಿಸುವುದು ಇದೇ. ಚೀಲ 1.2 ಮೀಟರಿಗಿಂತ ಗಿಡ್ಡ ಬೇಡ, ಅಲೆಗಳ ನಡುವೆ ಕಾಣಿಸದು. ಹೆಚ್ಚಾದ ಗಾಳಿ ಹೊರಬಿಡುವ ವಾಲ್ವ್ ಇರಲೇಬೇಕು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಅರ್ಧ ತುಂಬಿದ ಚೀಲ ಮೇಲೆ ಬರುವಷ್ಟರಲ್ಲಿ ಪೂರ್ತಿ ಉಬ್ಬುತ್ತದೆ. 5 ಮೀಟರಿನಿಂದ ಬಿಟ್ಟರೆ ಒಂದೂವರೆ ಪಟ್ಟು ಮಾತ್ರ. ಎಡವಟ್ಟಾಗುವುದು ಹೆಚ್ಚಾಗಿ ದಾರದಲ್ಲಿ: ಸ್ಪೂಲನ್ನು ಜಾಕೆಟ್ಟಿಗೆ ಕ್ಲಿಪ್ ಮಾಡಿಕೊಂಡು ಊದಿದರೆ, ದಾರ ಸಿಕ್ಕಿಕೊಂಡಾಗ ಚೀಲ ನಿಮ್ಮನ್ನೂ ಎಳೆದುಕೊಂಡು ಮೇಲೇಳುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಸಡಿಲವಾಗಿ ತಿರುಗಲು ಬಿಡಿ, ಸಿಕ್ಕಿದರೆ ಕೈಬಿಟ್ಟುಬಿಡಿ. ಇದನ್ನು ಕಲಿಯಲು ಈಜುಕೊಳವೇ ಸರಿ. ದಯವಿಟ್ಟು ತೋಟದ ಕೃಷಿಹೊಂಡಕ್ಕೆ ಇಳಿಯಬೇಡಿ; ಹಾಸಿದ ಪ್ಲಾಸ್ಟಿಕ್ಕು ಪಾಚಿ ಹಿಡಿದು ಜಾರುತ್ತದೆ, ಹತ್ತಿ ಬರಲು ಹಿಡಿತವೇ ಸಿಗದು.

ಎರಡನೆಯದು ಟಾರ್ಚ್. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ನೀರಿನಲ್ಲಿ ಕರಗಿಹೋಗುವುದರಿಂದ, ಹಗಲಲ್ಲೂ ಟಾರ್ಚ್ ಬಿಟ್ಟಾಗಲೇ ಬಂಡೆಯ ನಿಜವಾದ ಬಣ್ಣ ಕಾಣುವುದು. ಸಂದಿಗಳಲ್ಲಿ ಇಣುಕಲು 1000 ಲೂಮೆನ್ (ಬೆಳಕಿನ ಅಳತೆ), ಕಿರಿದಾದ ಬೆಳಕು ಸಾಕು. ವಿಡಿಯೊಗಾದರೆ ಅಗಲ ಬೆಳಕು ಬೇಕು, ಅದನ್ನು ಕ್ಯಾಮೆರಾದಿಂದ ಪಕ್ಕಕ್ಕೆ ಹಿಡಿಯಬೇಕು. ನೇರ ಹಿಡಿದರೆ ನೀರಿನ ಕಣಗಳೆಲ್ಲ ಬಿಳಿ ಚುಕ್ಕೆಯಾಗಿ ಚಿತ್ರ ಕೆಡಿಸುತ್ತವೆ. ಬ್ಯಾಟರಿಯಲ್ಲಿ ಮೋಸ ಬಹಳ. ಇಂಥ ಟಾರ್ಚಿಗೆ ಹಾಕುವ 18650 ಎಂಬ ಅಳತೆಯ ಲಿಥಿಯಂ ಸೆಲ್ ಒಳ್ಳೆಯದಾದರೂ ಅದರ ಸಾಮರ್ಥ್ಯ ಸುಮಾರು 3500 ಎಂಎಎಚ್ ಇರುತ್ತದೆ; 9900 ಎಂದು ಅಚ್ಚು ಹಾಕಿದ್ದನ್ನು ಮುಟ್ಟಲೇಬೇಡಿ.

ಫೋನ್ ಹೌಸಿಂಗ್, ಅಂದರೆ ನೀರಿನೊಳಗೆ ಫೋನ್ ಇಟ್ಟು ಚಿತ್ರ ತೆಗೆಯುವ ಕವಚ, ಕೊಳ್ಳುವುದಾದರೆ ಬಟನ್ ಇರುವ ಗಟ್ಟಿ ಪೆಟ್ಟಿಗೆಯನ್ನೇ ಕೊಳ್ಳಿ. ಜಿಪ್ ಪ್ಲಾಸ್ಟಿಕ್ ಚೀಲ ಆಳಕ್ಕೆ ಹೋದಂತೆ ಪರದೆಗೆ ಅಂಟಿ ಒತ್ತುತ್ತದೆ, ಟಚ್ ಕೆಲಸ ಮಾಡದು. ಗಾಳಿ ಹೀರುವ ಕೈಪಂಪು, ಸೋರಿಕೆ ತೋರಿಸುವ ದೀಪ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೊದಲ ಡೈವಿಗೆ ಫೋನ್ ಇಡದೆ, ಒಣ ಟಿಶ್ಯೂ ಇಟ್ಟು ಒಯ್ಯಿರಿ. ಸೋರಲು ಕಾರಣ ಬಹುಪಾಲು ಓ-ರಿಂಗ್ (ಮುಚ್ಚಳದ ಸಂದಿಗೆ ನೀರು ಬಾರದಂತೆ ತಡೆಯುವ ರಬ್ಬರ್ ಬಳೆ) ಮೇಲಿನ ಒಂದು ಕೂದಲು ಅಥವಾ ಮರಳ ಕಣ. ರಿಂಗನ್ನು ಪಿನ್ನಿನಿಂದ ಕೀಳದೆ ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಿ, ಒರೆಸಿ, ಪೆಟ್ಟಿಗೆ ಜೊತೆ ಬಂದ ಗ್ರೀಸನ್ನೇ ತೆಳ್ಳಗೆ ಸವರಿ. ಬೇರೆ ಗ್ರೀಸಿಗೆ ರಿಂಗ್ ಉಬ್ಬಬಹುದು. ಹೊರಡುವ ಮುನ್ನ ಊರಲ್ಲೇ, ಒಣಹವೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಟ್ಟರೆ ಗಾಜು ಮಂಜಾಗುವುದು ಕಡಿಮೆ. ಕರಾವಳಿಯ ತೇವದ ಗಾಳಿ ಒಳಗೆ ಸಿಕ್ಕಿದರೆ ತಣ್ಣನೆ ನೀರಿಗಿಳಿದ ಕೂಡಲೇ ಮಂಜು ಕಟ್ಟುತ್ತದೆ.

ಬರೆಯುವ ಮ್ಯಾಗ್ನೆಟಿಕ್ ಸ್ಲೇಟ್ ಅಗ್ಗ, ಒಳ್ಳೆಯದು; ದಿಕ್ಸೂಚಿಯಿಂದ ದೂರ ಇಡಿ. ಸಿಲಿಂಡರಿಗೆ ಬಡಿಯುವ ಗುಂಡು, ಗಿಲಕಿ ಬೇಡ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಯಾವ ಕಡೆಯಿಂದ ಬಂತೆಂದೇ ತಿಳಿಯದೆ ಸುತ್ತಲಿನ ಡೈವರ್‌ಗಳೆಲ್ಲ ತಿರುತಿರುಗಿ ನೋಡುತ್ತಾರೆ. ನೀರೊಳಗೆ ಎಳೆದುಕೊಂಡು ಹೋಗುವ ಬ್ಯಾಟರಿ ಸ್ಕೂಟರ್ ಅಂತೂ ಬೇಡವೇ ಬೇಡ. ಸೆಕೆಂಡಿಗೆ ಒಂದು ಮೀಟರ್ ಹೋಗುವ ಸ್ಕೂಟರಿನ ಮೂತಿ ಮೇಲಕ್ಕಾದರೆ ನಿಮಿಷಕ್ಕೆ 60 ಮೀಟರ್ ಲೆಕ್ಕ. ಏಳಬೇಕಾದ ಸುರಕ್ಷಿತ ವೇಗ ನಿಮಿಷಕ್ಕೆ 9 ಮೀಟರ್.

ಇನ್ನು ತೊಳೆಯುವುದು. ನಮ್ಮ ಕಡೆ ಸಾಮಾನು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಉಪ್ಪು ಒಣಗುವ ಮೊದಲೇ, ಮುರುಡೇಶ್ವರದಲ್ಲೇ ಅರ್ಧ ಗಂಟೆ ಸಿಹಿನೀರಲ್ಲಿ ಮುಳುಗಿಸಿ, ನೀರೊಳಗೇ ಪ್ರತಿ ಬಟನ್ ಹತ್ತಾರು ಸಲ ಒತ್ತಿ. ಮನೆಗೆ ಬಂದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬೋರ್‌ವೆಲ್ ನೀರಲ್ಲಿ ತೊಳೆದರೆ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆಯೇ ಬಟನ್ನಿನ ಬುಡದಲ್ಲೂ ಕಟ್ಟುತ್ತದೆ, ಬಟನ್ ಒತ್ತಿದ್ದು ಮೇಲೆ ಬರುವುದಿಲ್ಲ. ಕೊನೆಯ ತೊಳೆತಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಬಳಸಿ. ನೆರಳಲ್ಲಿ ಒಣಗಿಸಿ, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದಿಡಿ, ಪೆಟ್ಟಿಗೆಯ ಮುಚ್ಚಳವನ್ನು ಬಿಗಿಯದೆ ಸಡಿಲ ಬಿಡಿ. ತಿಂಗಳುಗಟ್ಟಲೆ ಅದುಮಿಟ್ಟ ಓ-ರಿಂಗ್ ಚಪ್ಪಟೆಯಾಗುತ್ತದೆ.