ಆರು ವರ್ಷದ ಬಳಕೆಯ ನಂತರ: ಕನ್ನಡ ವಿಕಿಪೀಡಿಯದಲ್ಲಿ ತಿದ್ದಲು ಹೋಗಿ ಸಿಕ್ಕಿಕೊಂಡರೆ ಸಹಾಯ ಸಿಗುತ್ತದಾ?

ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ದಿನವೆಲ್ಲ ಕನ್ನಡ ಟೈಪ್ ಮಾಡುವ ಕೆಲಸ. 2019ರಲ್ಲಿ ಒಂದು ದಿನ ನಮ್ಮ ತಾಲೂಕಿನ ಒಂದು ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಹುಡುಕಿದೆ. ಕೋಲಾರ ಜಿಲ್ಲೆ ಅಂತ ಇತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಹನ್ನೆರಡು ವರ್ಷವಾದರೂ ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಯಾರು ಬೇಕಾದರೂ ತಿದ್ದಬಹುದು ಅಂತ ಕೇಳಿದ್ದೆ. ತಿದ್ದಿದೆ. ತಿದ್ದಿದ ಕೂಡಲೇ ಕಾಣಿಸಿತು. ಆವತ್ತು ಅಂಟಿಕೊಂಡಿದ್ದು ಇನ್ನೂ ಬಿಟ್ಟಿಲ್ಲ.

ಓದುವವರ ಕಣ್ಣಿಗೆ ವಿಕಿಪೀಡಿಯ ಹೇಗಿದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ತಿದ್ದುವವರ ಪಾಡಿನ ಬಗ್ಗೆ. ತಿದ್ದಲು ಹೋಗಿ ಏನೋ ಕೆಟ್ಟರೆ ಯಾರನ್ನು ಕೇಳಬೇಕು? ಉತ್ತರ ಎಷ್ಟು ದಿನಕ್ಕೆ ಬರುತ್ತದೆ? ಬಂದ ಉತ್ತರದಿಂದ ಕೆಲಸ ಆಗುತ್ತದಾ? ಈ ಆರು ವರ್ಷದಲ್ಲಿ ನಾನು ತುಂಬ ಸಲ ಕೇಳಿದ್ದೇನೆ. ಈಗೀಗ ಬೇರೆಯವರಿಗೂ ಒಂದಷ್ಟು ಹೇಳಿಕೊಡುತ್ತಿದ್ದೇನೆ.

ಮೊದಲ ತೊಂದರೆ ಅಕ್ಷರದ್ದು. ನಮ್ಮ ಅಂಗಡಿಯಲ್ಲಿ ಎಲ್ಲ ಕೆಲಸವೂ ಹಳೆಯ ನುಡಿ ಫಾಂಟಿನಲ್ಲಿ. ಎರಡು ಪುಟ ಅಚ್ಚುಕಟ್ಟಾಗಿ ಟೈಪ್ ಮಾಡಿ, ಕಾಪಿ ಮಾಡಿ, ವಿಕಿಪೀಡಿಯದಲ್ಲಿ ಪೇಸ್ಟ್ ಮಾಡಿದೆ. ಕನ್ನಡದ ಒಂದು ಅಕ್ಷರವೂ ಬರಲಿಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬಿತ್ತು. ಆಗಲೇ ನನಗೆ ಅರಳಿಕಟ್ಟೆ ಸಿಕ್ಕಿದ್ದು. ಊರ ಮುಂದಿನ ಅರಳಿಕಟ್ಟೆಯಲ್ಲಿ ಜನ ಕೂತು ಮಾತಾಡುವ ಹಾಗೆ, ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರೇ ಅರಳಿಕಟ್ಟೆ. ಆ ಹೆಸರು ನೋಡಿಯೇ ನನಗೆ ಕೇಳುವ ಧೈರ್ಯ ಬಂತು. ಹೆಲ್ಪ್ ಡೆಸ್ಕ್ ಅಂತ ಬರೆದಿದ್ದರೆ ಬಹುಶಃ ಕೇಳುತ್ತಿರಲಿಲ್ಲ.

ಮಾರನೇ ದಿನ ಉತ್ತರ ಬಂದಿತ್ತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ವಿಕಿಪೀಡಿಯಕ್ಕೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಸಂಕೇತ. ಟೈಪ್ ಮಾಡಿದ್ದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಇಲ್ಲವಾದರೆ ಅಲ್ಲೇ ಬರೆಯುವ ಚೌಕದಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿ, ಕಗಪ ಕೀಲಿಮಣೆ ಆರಿಸಿಕೊಳ್ಳಿ ಅಂತ ಬರೆದಿದ್ದರು. ಕಗಪ ಅಂದರೆ ನಮ್ಮ ನುಡಿ ತಂತ್ರಾಂಶದ ಕೀಲಿ ಜೋಡಣೆಯೇ. ಕೈಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಡಿಟಿಪಿ ಕೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ ಇದೊಂದನ್ನು ಬರೆದಿಟ್ಟುಕೊಳ್ಳಿ.

ಎರಡನೇ ತೊಂದರೆಯಲ್ಲಿ ಕೈಕಾಲು ನಡುಗಿತ್ತು. ದೊಡ್ಡ ಲೇಖನವೊಂದಕ್ಕೆ ಒಂದು ಉಲ್ಲೇಖ, ಅಂದರೆ ಮಾಹಿತಿ ಎಲ್ಲಿಂದ ಬಂತು ಅನ್ನುವ ಆಧಾರ, ಸೇರಿಸಿ ಪ್ರಕಟಿಸಿದೆ. ಅಲ್ಲಿಂದ ಕೆಳಗಿನ ಭಾಗವೇ ಮಾಯ! ಯಾರೋ ವರ್ಷಗಟ್ಟಲೆ ಕೂತು ಬರೆದದ್ದನ್ನು ಅಳಿಸಿಬಿಟ್ಟೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಲೇಖನದ ಚರ್ಚೆ ಪುಟದಲ್ಲಿ (ಪ್ರತಿ ಲೇಖನಕ್ಕೂ, ಪ್ರತಿ ಬಳಕೆದಾರರಿಗೂ ಮಾತಾಡಲು ಇಂಥದ್ದೊಂದು ಪುಟ ಇರುತ್ತದೆ) ಕ್ಷಮೆ ಕೇಳಿ ಬರೆದೆ. ಒಬ್ಬರು ಬಂದು ಸಮಾಧಾನ ಹೇಳಿದರು. ಉಲ್ಲೇಖ ಶುರು ಮಾಡುವ ಟ್ಯಾಗ್, ಅಂದರೆ ಗುರುತು, ಹಾಕಿದ್ದೀರಿ, ಮುಚ್ಚುವ ಟ್ಯಾಗ್ ಮರೆತಿದ್ದೀರಿ, ಅದಕ್ಕೇ ಮುಂದಿನ ಮುಚ್ಚುವ ಟ್ಯಾಗ್ ಸಿಗುವವರೆಗೆ ಇದ್ದದ್ದನ್ನೆಲ್ಲ ಅದು ಉಲ್ಲೇಖ ಅಂತ ತಿಳಿದು ನುಂಗಿದೆ, ಅಷ್ಟೇ ಅಂದರು. ಆಮೇಲೆ ಇತಿಹಾಸದ ಪುಟ ತೋರಿಸಿದರು. ಪ್ರತಿ ತಿದ್ದುಪಡಿಯೂ ಅಲ್ಲಿ ಸಾಲಾಗಿ ಇರುತ್ತದೆ. ಯಾವ ಹಿಂದಿನ ರೂಪಕ್ಕೆ ಬೇಕಾದರೂ ವಾಪಸ್ ಹೋಗಬಹುದು. ನನಗೆ ಇಷ್ಟವಾದದ್ದು ಇನ್ನೊಂದು. ಅವರು ಸರಿಮಾಡಿ ಕೊಡಬಹುದಿತ್ತು, ಎರಡು ನಿಮಿಷದ ಕೆಲಸ. ಮಾಡಲಿಲ್ಲ. ನೀವೇ ಮಾಡಿ, ನಾನು ನೋಡುತ್ತಿರುತ್ತೇನೆ ಅಂದರು. ಆವತ್ತಿನಿಂದ ನನಗೆ ಪ್ರಕಟಿಸಿ ಗುಂಡಿ ಒತ್ತಲು ಹೆದರಿಕೆ ಇಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ತಾಂತ್ರಿಕ ತೊಂದರೆಗೆ ಸಹಾಯ ಸಿಗುವುದು ಸುಲಭ. ಜಗಳಕ್ಕೆ, ನೋವಿಗೆ ಸಹಾಯ ಸಿಗುತ್ತದಾ ಅನ್ನುವುದರ ಮೇಲೆ ಹೊಸಬರು ಉಳಿಯುತ್ತಾರೋ ಬಿಟ್ಟು ಹೋಗುತ್ತಾರೋ ಗೊತ್ತಾಗುತ್ತದೆ.

ಸೆಪ್ಟೆಂಬರ್ ಬಂದರೆ ನಮ್ಮ ಕಡೆ ಸರ್ ಎಂ.ವಿ. ಅವರ ಬ್ಯಾನರ್ ಕೆಲಸ ಜಾಸ್ತಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಸೆಪ್ಟೆಂಬರ್ 15 ಎಂಜಿನಿಯರ್‌ಗಳ ದಿನ. ಒಂದು ಶಾಲೆಯವರು ಹುಟ್ಟಿದ ಇಸವಿ 1860 ಅಂತ ಬರೆಸುತ್ತಾರೆ, ಇನ್ನೊಂದು ಶಾಲೆಯವರು 1861 ಅಂತ. "ಯಾವ ಇಸವಿ ಹಾಕಲಿ ಮೇಷ್ಟ್ರೇ?" ಅಂದರೆ, "ನಮ್ಮ ಪುಸ್ತಕದಲ್ಲಿ ಇರೋದೇ ಹಾಕಮ್ಮ" ಅನ್ನುತ್ತಾರೆ. 1960ರಲ್ಲಿ ಅವರು ಬದುಕಿದ್ದಾಗಲೇ ಅಂಚೆ ಇಲಾಖೆ ಜನ್ಮಶತಮಾನೋತ್ಸವದ ಅಂಚೆಚೀಟಿ ತಂದಿತ್ತು. ಹಾಗಾದರೆ 1860 ಅನ್ನುವುದೇ ಸರಿ ಅಂತ ನಾನು ತೀರ್ಮಾನ ಮಾಡಿದೆ. ಒಂದು ಲೇಖನದಲ್ಲಿ 1861 ಇದ್ದದ್ದನ್ನು 1860 ಮಾಡಿದೆ. ಯಾರೋ ವಾಪಸ್ 1861 ಮಾಡಿದರು. ನಾನು ಮತ್ತೆ ತಿದ್ದಿದೆ. ಅವರೂ ತಿದ್ದಿದರು. ಮೂರನೇ ಸಲ ನನಗೆ ಸಿಟ್ಟು ಬಂತು. ನಮ್ಮ ಜಿಲ್ಲೆಯವರ ಬಗ್ಗೆ ನನಗೆ ಹೇಳಿಕೊಡುತ್ತಾರಾ ಅನ್ನಿಸಿತು.

ಆಗ ನನ್ನ ಚರ್ಚೆ ಪುಟಕ್ಕೆ ಮೂರನೆಯವರೊಬ್ಬರು ಬಂದರು. ಇಬ್ಬರೂ ತಿದ್ದುವುದು ನಿಲ್ಲಿಸಿ, ಲೇಖನದ ಚರ್ಚೆ ಪುಟಕ್ಕೆ ಬನ್ನಿ ಅಂದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ಹಿಂದೆ ಮುಂದೆ ಮಾಡಿದರೆ ಖಾತೆಯನ್ನೇ ತಡೆಯುತ್ತಾರೆ ಅಂತ ಎಚ್ಚರಿಸಿದರು. ಆಮೇಲೆ ಒಂದು ಮಾತು ಬರೆದಿದ್ದರು. ಯಾವುದು ಸರಿ ಅಂತ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಯಾವ ಪುಸ್ತಕ ಏನು ಹೇಳುತ್ತದೆ ಅಂತ ಓದುವವರಿಗೆ ತೋರಿಸೋಣ ಅಂತ. ಮೂವರೂ ಕೂತು ಒಂದು ಸಾಲು ಸಿದ್ಧ ಮಾಡಿದೆವು. ಎರಡೂ ಇಸವಿ, ಎರಡಕ್ಕೂ ಉಲ್ಲೇಖ. ಆ 1861ರವರು ಈಗ ನನ್ನ ಲೇಖನಗಳಲ್ಲಿ ಒತ್ತಕ್ಷರ ತಿದ್ದುತ್ತಾರೆ. ಅವರ ಮುಖ ನಾನು ನೋಡಿಲ್ಲ.

ನೋವಿನ ವಿಷಯ ನಮ್ಮ ಊರ ಕೆರೆಯದ್ದು. ಅಜ್ಜಿ ಹೇಳುತ್ತಿದ್ದ ಕೆರೆಯ ಕಥೆಯನ್ನು ಮನಸ್ಸಿಟ್ಟು ಬರೆದಿದ್ದೆ. ಆಧಾರ ಇಲ್ಲ ಅಂತ ಒಬ್ಬರು ಪೂರ್ತಿ ತೆಗೆದುಹಾಕಿದರು. ಅಜ್ಜಿ ಸುಳ್ಳು ಹೇಳುತ್ತಾಳಾ ಅಂತ ಅರಳಿಕಟ್ಟೆಯಲ್ಲಿ ಬರೆದೆ. ಬರೆದ ರೀತಿ ಸ್ವಲ್ಪ ಒರಟಾಗಿಯೇ ಇತ್ತು. ಯಾರೂ ತಿರುಗಿ ಬೈಯಲಿಲ್ಲ. ಬಾಯಿಮಾತಿನ ಕಥೆಗೂ ಬೆಲೆ ಇದೆ, ಆದರೆ ವಿಶ್ವಕೋಶದಲ್ಲಿ ಓದುವವರು ತಾವೇ ಹೋಗಿ ಪರೀಕ್ಷಿಸಿಕೊಳ್ಳುವ ಹಾಗಿರಬೇಕು, ಪ್ರಕಟವಾದ ಆಧಾರ ಬೇಕು ಅಂತ ಒಬ್ಬರು ವಿವರಿಸಿದರು. ಆಮೇಲೆ ಕೇಳಿದರು, ಕೆರೆಯ ಹತ್ತಿರ ಶಾಸನದ ಕಲ್ಲು ಇದೆಯಾ?

ಇತ್ತು. ಕೋಡಿಯ ಪಕ್ಕದಲ್ಲಿ, ಅರ್ಧ ಹೂತು ಹೋಗಿ. ಹಾಗಾದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ನೋಡಿ, 1905ರದ್ದು, ಕೋಲಾರ ಜಿಲ್ಲೆಯ ಶಾಸನಗಳು ಅದರಲ್ಲಿವೆ, ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ ಅಂದರು. ಆಗ ಚಿಂತಾಮಣಿ ಕೋಲಾರ ಜಿಲ್ಲೆಯದ್ದೇ ಅಲ್ವಾ, ಅದಕ್ಕೆ ಅಲ್ಲಿ ಹುಡುಕಬೇಕು. ಮೂರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಹುಡುಕಿದೆ. ಸಿಕ್ಕಿತು! ಕಟ್ಟುಕೊಡಗೆ, ಅಂದರೆ ಕೆರೆ ಕಟ್ಟಿಸಿದವರಿಗೆ ಬಿಡುವ ಭೂಮಿಯ ಶಾಸನ. ಅಜ್ಜಿಯ ಕಥೆಯಲ್ಲಿದ್ದ ಎಲ್ಲವೂ ಅಲ್ಲಿರಲಿಲ್ಲ. ಕೆರೆ ಕಟ್ಟಿಸಿದವನಿಗೆ ಹೊಲ ಬಿಟ್ಟಿದ್ದು ಇತ್ತು. ಲೇಖನದಲ್ಲಿ ಈಗ ಅಷ್ಟನ್ನು ಬರೆದಿದ್ದೇನೆ, ಸಂಪುಟದ ಪುಟಸಂಖ್ಯೆ ಕೊಟ್ಟಿದ್ದೇನೆ. ಆ ಸಹಾಯ ಮಾಡಿದವರಿಗೆ ನನ್ನ ಊರು ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಸುಮ್ನೆ ಒಂದು ಪ್ರಶ್ನೆ ಕೇಳಿ, ನೂರು ವರ್ಷ ಹಳೆಯ ಪುಸ್ತಕದ ಬಾಗಿಲು ತೆರೆದರು. ಈ ಸೇವೆಯ ಬೆಲೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹಕ್ಕುಸ್ವಾಮ್ಯದ ಪಾಠವೂ ಹೀಗೇ ಆಯಿತು. ಒಂದು ದೇವಸ್ಥಾನದ ಕಿರುಪುಸ್ತಕ ನಮ್ಮ ಅಂಗಡಿಯಲ್ಲೇ ಟೈಪ್ ಆಗಿತ್ತು. ಫೈಲ್ ನನ್ನ ಹತ್ತಿರ ಇತ್ತು. ಅದರ ಎರಡು ಪುಟ ಹಾಗೇ ಹಾಕಿದೆ. ಅಳಿಸಿದರು. ಟೈಪ್ ಮಾಡಿದ್ದು ನಾನೇ ಅಂತ ವಾದ ಮಾಡಿದೆ. ಟೈಪ್ ಮಾಡಿದವರಿಗೆ ಹಕ್ಕು ಬರುವುದಿಲ್ಲ, ಬರೆದವರದ್ದು ಹಕ್ಕು, ನಮ್ಮ ದೇಶದಲ್ಲಿ ಅದು ಬರೆದವರು ತೀರಿಹೋದ ಮೇಲೂ 60 ವರ್ಷ ಇರುತ್ತದೆ ಅಂತ ತಿಳಿಸಿದರು. ವಿಕಿಪೀಡಿಯದಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಬಳಸಬಹುದು, ಅಚ್ಚು ಹಾಕಿ ಮಾರಲೂಬಹುದು, ಹಾಗಾಗಿ ಬೇರೆಯವರ ಬರಹವನ್ನು ನಾವು ದಾನ ಮಾಡುವ ಹಾಗಿಲ್ಲ ಅಂದಾಗ ನನಗೆ ಪೂರ್ತಿ ಅರ್ಥವಾಯಿತು. ವಿಷಯ ತಿಳಿದುಕೊಂಡು ನನ್ನ ಮಾತಿನಲ್ಲಿ ಮತ್ತೆ ಬರೆದೆ.

ಚಿಕ್ಕಪುಟ್ಟ ತೊಂದರೆಗಳಿಗೆ ಲೆಕ್ಕವಿಲ್ಲ. ಒಂದು ಸಲ ಇದ್ದ ಲೇಖನಕ್ಕೇ ಕೊಂಡಿ ಕೊಟ್ಟರೂ ಕೆಂಪಾಗಿ, ಅಂದರೆ ಅಂಥ ಪುಟವೇ ಇಲ್ಲ ಅನ್ನುವ ಹಾಗೆ, ಕಾಣುತ್ತಿತ್ತು. ನೋಡಲು ಎರಡೂ ಒಂದೇ ಹೆಸರು. ಪದದ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಸೇರಿಕೊಂಡಿತ್ತು. ಕಂಪ್ಯೂಟರಿಗೆ ಅದು ಬೇರೆಯೇ ಹೆಸರು. ಇನ್ನೊಂದು ಸಲ ಮೊಬೈಲ್‌ನಿಂದ ತಿದ್ದಲು ಹೋದರೆ ನಿಮ್ಮ ಐಪಿ ವಿಳಾಸ ತಡೆಹಿಡಿಯಲಾಗಿದೆ ಅಂತ ಬಂತು. ನಾನೇನು ತಪ್ಪು ಮಾಡಿದೆ ಅಂತ ಗಾಬರಿ ಆಯಿತು. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದೇ ವಿಳಾಸ ಎಷ್ಟೋ ಜನರಿಗೆ ಹಂಚಿಕೆಯಾಗುತ್ತದೆ, ಬೇರೆ ಯಾರೋ ಮಾಡಿದ ಕಿಡಿಗೇಡಿತನಕ್ಕೆ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ಖಾತೆಗೆ ಲಾಗಿನ್ ಆದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ವಿನಾಯಿತಿ ಕೇಳಬಹುದು. ನಾನು ಅಂಗಡಿಯ ಬ್ರಾಡ್‌ಬ್ಯಾಂಡಿನಿಂದ ಬರೆಯುತ್ತೇನೆ.

ಇನ್ನು ಕೊರತೆಗಳು. ಕಾಯಬೇಕು. ಒಂದು ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಬಂದಿದೆ, ಇನ್ನೊಂದಕ್ಕೆ ಇಪ್ಪತ್ತು ದಿನ ಆಗಿದೆ. ಒಂದೆರಡಕ್ಕೆ ಬರಲೇ ಇಲ್ಲ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಇಷ್ಟು ವರ್ಷವಾದರೂ ಪುಟ ಅಳಿಸುವ, ರಕ್ಷಿಸುವ ಅಧಿಕಾರ ಇರುವ ನಿರ್ವಾಹಕರು ಬೆರಳೆಣಿಕೆಯಷ್ಟು. ಎಲ್ಲರೂ ಸಂಬಳ ಇಲ್ಲದೆ, ತಮ್ಮ ಕೆಲಸ ಮುಗಿಸಿ ಬಂದು ಕೂರುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಾಳಜಿ ಇದೆ. ಹೊಸಬರು ಇಪ್ಪತ್ತು ದಿನ ಕಾಯುವುದಿಲ್ಲ ಅನ್ನುವುದೂ ನಿಜ. ನನ್ನ ಜೊತೆ ಶುರು ಮಾಡಿದ ಇಬ್ಬರು ಗೆಳತಿಯರು ಉತ್ತರ ಬರುವಷ್ಟರಲ್ಲಿ ಬಿಟ್ಟಿದ್ದರು.

ಲೇಖನದ ಮೇಲ್ಭಾಗದಲ್ಲಿ ಮುಖ್ಯ ವಿವರಗಳನ್ನು ತೋರಿಸುವ ಮಾಹಿತಿಚೌಕ ಕೆಟ್ಟರೆ ಮಾತ್ರ ದೇವರೇ ಗತಿ. ಅದರ ಟೆಂಪ್ಲೇಟುಗಳನ್ನು, ಅಂದರೆ ಸಿದ್ಧ ಅಚ್ಚುಗಳನ್ನು, ಇಂಗ್ಲಿಷ್‌ನಿಂದ ತಂದಿರುತ್ತಾರೆ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಎಲ್ಲೋ ಒಂದು ಎಳೆ ತಪ್ಪಿದರೆ ಲೇಖನದ ನೆತ್ತಿಯ ಮೇಲೆ ಕೆಂಪು ಅಕ್ಷರ. ಇದನ್ನು ಬಿಡಿಸಬಲ್ಲವರು ತೀರಾ ಕಡಿಮೆ. ಅಂಥ ಹೊತ್ತಿನಲ್ಲಿ ನಾನು ಇಂಗ್ಲಿಷ್ ವಿಕಿಪೀಡಿಯದ ಟೀಹೌಸ್‌ಗೆ ಹೋಗಿದ್ದೇನೆ. 2012ರಲ್ಲಿ ಹೊಸಬರಿಗಾಗಿಯೇ ಶುರುವಾದ ಪುಟ ಅದು. ನನ್ನ ಹರುಕು ಇಂಗ್ಲಿಷ್‌ಗೂ ಎರಡು ಗಂಟೆಯಲ್ಲಿ ಮರ್ಯಾದೆಯ ಉತ್ತರ ಸಿಕ್ಕಿತು. ಆದರೆ ಪ್ರತಿ ಭಾಷೆಯ ವಿಕಿಪೀಡಿಯಕ್ಕೂ ಅದರದ್ದೇ ನಿಯಮ, ಅದರದ್ದೇ ನಿರ್ವಾಹಕರು. ಕನ್ನಡದ ತೊಂದರೆಗೆ ಕೊನೆಗೆ ಕನ್ನಡದವರೇ ಬೇಕು.

ಕೇಳುವ ರೀತಿಯಲ್ಲೂ ಉತ್ತರ ಇದೆ ಅಂತ ನನ್ನ ಅನುಭವ. "ನನ್ನ ಪುಟ ಹಾಳಾಗಿದೆ, ಹೆಲ್ಪ್ ಮಾಡಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಲೇಖನ ಅಂತ ಕೊಂಡಿ ಕೊಡಿ. ಏನು ಮಾಡಲು ಹೋದಿರಿ, ಏನು ಕಾಣಿಸಿತು ಅಂತ ಬರೆಯಿರಿ. ಕೆಂಪಕ್ಷರದಲ್ಲಿ ಬಂದ ಸಾಲನ್ನು ಹಾಗೇ ಕಾಪಿ ಮಾಡಿ ಹಾಕಿ. ಕೊನೆಯಲ್ಲಿ ಟಿಲ್ಡೆ ಚಿಹ್ನೆ (~) ನಾಲ್ಕು ಸಲ ಒತ್ತಿದರೆ ನಿಮ್ಮ ಹೆಸರು, ಸಮಯ ತಾನಾಗಿ ಬರುತ್ತದೆ, ಉತ್ತರ ಕೊಡುವವರಿಗೆ ನೀವು ಯಾರು ಅಂತ ಗೊತ್ತಾಗುತ್ತದೆ. ಹೊಸದಾಗಿ ಏನಾದರೂ ಪ್ರಯತ್ನ ಮಾಡುವುದಿದ್ದರೆ ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಮಾಡಿ. ಅಲ್ಲಿ ಏನು ಕೆಟ್ಟರೂ ಓದುವವರಿಗೆ ತೊಂದರೆ ಇಲ್ಲ.

ಅಂಕ ಕೊಡಬೇಕೆಂದರೆ, ಸಿಕ್ಕ ಸಹಾಯದ ಗುಣಕ್ಕೆ 5ಕ್ಕೆ 5. ಸಿಗುವ ವೇಗಕ್ಕೆ 5ಕ್ಕೆ 2. ಎರಡನ್ನೂ ಕೂಡಿಸಿ ಭಾಗಿಸಲು ನನಗೆ ಮನಸ್ಸಿಲ್ಲ.

ಈಗ ನಮ್ಮ ಜಿಲ್ಲೆಯಲ್ಲಿ ಚೇಳೂರು, ಮಂಚೇನಹಳ್ಳಿ ಹೊಸ ತಾಲೂಕುಗಳಾಗಿವೆ. ಚೇಳೂರು ಕಡೆಯ ಹಳ್ಳಿಗಳ ಲೇಖನಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಬಾಗೇಪಲ್ಲಿ ತಾಲೂಕು ಅಂತ ಇರುವ ಕಡೆಯೆಲ್ಲ ಯಾವುದು ಯಾವ ತಾಲೂಕಿಗೆ ಹೋಯಿತು ಅಂತ ಸರ್ಕಾರದ ಅಧಿಸೂಚನೆ ಇಟ್ಟುಕೊಂಡೇ ತಿದ್ದಬೇಕು. ಕಳೆದ ವಾರ ಇದರ ಬಗ್ಗೆ ಅರಳಿಕಟ್ಟೆಯಲ್ಲಿ ಒಂದು ಪ್ರಶ್ನೆ ಹಾಕಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಆ ಕಡೆಯವರು ಯಾರಾದರೂ ಇದ್ದರೆ ಬನ್ನಿ, ಪ್ರಶ್ನೆಯ ಕೆಳಗೇ ಬರೆಯಿರಿ.